ಒಂದು ಡಜನ್ ಮೊಟ್ಟೆ

27 ಏಪ್ರಿಲ್ 2025, ಭಾನುವಾರ ರಾತ್ರಿ, ಸಿಡ್ನಿ

4 ಡಾಲರ್ 20 ಸೆಂಟ್!

ವಿರೋಧ ಪಕ್ಷದ ನಾಯಕ ಪೀಟರ್ ಡಟ್ಟನ್ ಬಾಯಿಂದ ಅದು ಬಿದ್ದಾಗ ನಾನು ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದೆ. ಟವೆಲ್ ಕೈಯಲ್ಲೇ ಉಳೀತು, ನಗು ತಡೆಯಲಾಗಲಿಲ್ಲ. ಶನಿವಾರದ ಫೆಡರಲ್ ಚುನಾವಣೆಗೆ ಮುಂಚೆ ಚಾನೆಲ್ ಸೆವೆನ್‌ನಲ್ಲಿ ಇವತ್ತು ಕೊನೇ ಚರ್ಚೆ. ಅದನ್ನ ನಡೆಸಿಕೊಟ್ಟ ನಟಾಲಿ ಬಾರ್ ಕೇಳಿದ್ದು ಇಷ್ಟೇ, ಒಂದು ಡಜನ್ ಮೊಟ್ಟೆಗೆ ಎಷ್ಟು? ಪ್ರಧಾನಿ ಅಲ್ಬನೀಸ್ 7 ಡಾಲರ್ ಅಂದರು, ಸಿಕ್ಕಿದರೆ ಅಂತ ಒಂದು ಬಾಲವನ್ನೂ ಸೇರಿಸಿದರು. ಆ ಬಾಲಕ್ಕೇ ಅರ್ಧ ಮಾರ್ಕ್ ಜಾಸ್ತಿ ಕೊಡಬಹುದು. ಹಕ್ಕಿಜ್ವರಕ್ಕೆ ಲಕ್ಷಗಟ್ಟಲೆ ಕೋಳಿ ಹೋದ ಮೇಲೆ ಅಂಗಡಿಯಲ್ಲಿ ಮೊಟ್ಟೆ ಜೋಡಿಸಿಡುವ ಕಡೆ ಎಷ್ಟು ದಿನ ಖಾಲಿ ಹಲಗೆ ನೋಡಿ ವಾಪಸ್ ಬಂದಿಲ್ಲ! ಮೊನ್ನೆ ಸಿಕ್ಕಿದ್ದಕ್ಕೆ 8 ಡಾಲರ್ ಮೇಲೇ ತೆತ್ತಿದ್ದೀನಿ. ಅಂದರೆ ಇಬ್ಬರೂ ಫೇಲು.

"ಏನಂತೆ? ಯಾಕೆ ನಗ್ತಿದ್ದೀಯ?" ಅಂದಳು ಅಮ್ಮ. ಹೇಳಿದೆ.

"ಮೊಟ್ಟೆ ಮುಟ್ಟದ ನನ್ನಂಥವಳನ್ನ ಕೇಳಿದ್ರೆ ನಾನೂ ಸೋತೆ ಅನ್ನು. ತಿಪಟೂರಲ್ಲಿ ಕೊಬ್ಬರಿ ಎಷ್ಟಕ್ಕೆ ಹೋಯ್ತು ಅಂತ ಕೇಳಲಿ, ನಿದ್ದೇಲಿ ಎಬ್ಬಿಸಿದ್ರೂ ಹೇಳ್ತೀನಿ."

ನಿಜವೇ. ಇಲ್ಲಿ ಕೂತೇ ಅರಸೀಕೆರೆಗೆ ಫೋನ್ ಮಾಡಿ ತಮ್ಮನ ಹತ್ತಿರ ಹರಾಜಿನ ರೇಟು ತಿಳ್ಕೊಳ್ಳದೆ ಅವಳಿಗೆ ಊಟ ಸೇರಲ್ಲ.

ಅಮ್ಮ ಈ ಚುನಾವಣೇನ ನೋಡ್ತಿರುವ ರೀತಿಯೇ ಬೇರೆ. ಇಂಗ್ಲಿಷ್ ಅಷ್ಟಕ್ಕಷ್ಟೆ, ಅದರಲ್ಲೂ ಇಲ್ಲಿನವರ ಉಚ್ಚಾರ ಒಂದಕ್ಷರ ಕಿವಿಗೆ ಹತ್ತೋದಿಲ್ಲ. ಹಾಗಾಗಿ ಬರೀ ಚಿತ್ರ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಸೊಪ್ಪು ಬಿಡಿಸುತ್ತಾ ಇಡೀ ದಿನ ಟಿವಿ ಮುಂದೆ. ಒಂದು ತಿಂಗಳಲ್ಲಿ ಅವಳು ಕಂಡುಕೊಂಡಿದ್ದು ನೋಡಿ. "ಒಬ್ಬರು ಯಾವಾಗ್ಲೂ ಪೆಟ್ರೋಲ್ ಬಂಕಲ್ಲೇ ಇರ್ತಾರೆ. ಇನ್ನೊಬ್ಬರು ಜೇಬಿಂದ ಹಸಿರು ಕಾರ್ಡ್ ತೆಗೆದು ತೋರಿಸ್ತಾನೇ ಇರ್ತಾರೆ. ಅದೇನು, ಇಲ್ಲಿನ ಆಧಾರಾ?"

ಇವರು ಊಟದ ತಟ್ಟೆ ಬಿಟ್ಟು ನಕ್ಕರು. "ಅತ್ತೆ, ನೀವು ಪೇಪರಿಗೆ ಬರೀಬೇಕು" ಅಂದರು. ಡಟ್ಟನ್ ಗೆದ್ದರೆ ಲೀಟರಿಗೆ 25 ಸೆಂಟ್ ಸುಂಕ ಇಳಿಸ್ತಾರಂತೆ, ಅದಕ್ಕೇ ಬಂಕಿಂದ ಬಂಕಿಗೆ. ಅಲ್ಬನೀಸ್ ಹಿಡಿಯುವುದು ಮೆಡಿಕೇರ್ ಅನ್ನೋ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು, ಅದನ್ನ ತೋರಿಸಿದರೆ ದುಡ್ಡಿಲ್ಲದೆ ಡಾಕ್ಟರು ನೋಡಬೇಕು ಅನ್ನೋದು ಅವರ ಮಾತು. ಐದು ವಾರದ ಪ್ರಚಾರದಲ್ಲಿ ಮಾತು ತೆಗೆದು ಹಾಕಿದರೆ ಉಳಿಯೋದು ಇಷ್ಟೇ ಅಂತ ಅಮ್ಮ ಹೇಳಿದ ಮೇಲೇ ನನಗೆ ಹೊಳೆದದ್ದು. ಪತ್ರಕರ್ತರನ್ನ ಬಸ್ಸಲ್ಲಿ ತುಂಬಿಕೊಂಡು ಹೋಗ್ತಾರೆ, ನಾಳೆ ಯಾವೂರು ಅಂತ ಮುಂಚೆ ಬಾಯಿ ಬಿಡೋದಿಲ್ಲ. ಹೋಗಿ ಇಳಿದರೆ ಮತ್ತದೇ ಹೆಲ್ಮೆಟ್ಟು, ಹೊಳೆಯುವ ಜಾಕೆಟ್ಟು, ಯಾವುದೋ ಕಾರ್ಖಾನೆ.

ಮಗಳಿಗೆ ಮಾತ್ರ ಎರಡೇ ಕ್ಲಿಪ್ಪು. ಡಾರ್ವಿನ್‌ನಲ್ಲಿ ಡಟ್ಟನ್ ಒದ್ದ ಚೆಂಡು ಕ್ಯಾಮೆರಾದವರಿಗೆ ಬಡಿದು ಹಣೆಯಲ್ಲಿ ರಕ್ತ ಬಂದದ್ದು ಒಂದು. ಅಲ್ಬನೀಸ್ ವೇದಿಕೆಯಿಂದ ಹಿಂದಕ್ಕೆ ಜಾರಿದ್ದು ಇನ್ನೊಂದು. ಅದನ್ನ ಎಷ್ಟು ಸಲ ತಿರುಗಿಸಿ ಹಾಕಿದರೋ! ಆಮೇಲೆ ಅವರು ನಾನು ಬೀಳಲಿಲ್ಲ, ಒಂದು ಕಾಲು ಕೆಳಗೆ ಹೋಯ್ತು ಅಷ್ಟೆ ಅಂದದ್ದನ್ನ ಅಮ್ಮನಿಗೆ ಹೇಳಿದೆ. "ಸರಿ ಹೋಯ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋರು ಇಲ್ಲೂ ಇದ್ದಾರೆ."

"ಇಷ್ಟೇನೇ ಜಗಳ? ಯಾರೂ ಮೇಜು ಗುದ್ದಲ್ವಾ? ಕೆಳಗೆ ಕೆಂಪು ಪಟ್ಟಿ ಓಡಲ್ವಾ?" ಅಂತಲೂ ಕೇಳಿದಳು. ನಮ್ಮ ಕನ್ನಡ ಚಾನೆಲ್‌ಗಳ ಡಮಡಮ ಕೇಳಿ ಬೆಳೆದ ಕಿವಿ, ಪಾಪ, ಸಪ್ಪೆ ಅನ್ನಿಸುತ್ತೆ. ಆದರೆ ಇಬ್ಬರು ಎದುರಾಬದುರಾ ನಿಂತು 19 ದಿನದಲ್ಲಿ ನಾಲ್ಕು ಸಲ ಉತ್ತರ ಕೊಟ್ಟರಲ್ಲ, ಅದು ಅವಳಿಗೆ ಹಿಡಿಸಿದೆ. ಎರಡನೇ ಚರ್ಚೆ ನಮ್ಮ ಪಕ್ಕದ ಪರಮಟ್ಟಾದ ಎಬಿಸಿ ಚಾನೆಲ್ ಸ್ಟುಡಿಯೋದಲ್ಲೇ ನಡೀತು ಅಂದಾಗ "ಕರ್ಕೊಂಡು ಹೋಗ್ಬಾರದಿತ್ತಾ" ಅಂದಳು.

ಚರ್ಚೆ ಮುಗಿದ ಮೇಲೆ ಇನ್ನೂ ಮನಸ್ಸು ಮಾಡದ 60 ಜನ ಮತದಾರರ ತೀರ್ಪು. ಅರ್ಧದಷ್ಟು ಜನ ಅಲ್ಬನೀಸ್, ಕಾಲುಭಾಗ ಡಟ್ಟನ್, ಉಳಿದ ಕಾಲುಭಾಗಕ್ಕೆ ಇನ್ನೂ ತೋಚಿಲ್ಲ. ನಾನೂ ಆ ಕೊನೇ ಕಾಲುಭಾಗದವಳೇ. ಪೌರತ್ವ ಸಿಕ್ಕ ಮೇಲೆ ಇದೇ ಮೊದಲನೇ ಫೆಡರಲ್ ಓಟು. ಇವರು ಬುಧವಾರವೇ ಹಾಕಿ ಬಂದರು. ನಾನು ಶನಿವಾರ ಶಾಲೆಗೇ ಹೋಗಿ ಸಾಲಲ್ಲಿ ನಿಂತು ಹಾಕ್ತೀನಿ. ಹಾಕದಿದ್ದರೆ 20 ಡಾಲರ್ ದಂಡ, ಅದು ಬೇರೆ ಮಾತು.

ಮೊಟ್ಟೆ ರೇಟಿನಂಥ ಈ ಪ್ರಶ್ನೋತ್ತರದ ಚಾಳಿ ಹೊಸದೂ ಅಲ್ಲ. 2022ರಲ್ಲಿ ಪ್ರಚಾರ ಶುರುವಾದ ಮೊದಲ ದಿನವೇ ಲಾನ್ಸೆಸ್ಟನ್‌ನಲ್ಲಿ ಇದೇ ಅಲ್ಬನೀಸ್‌ಗೆ ನಿರುದ್ಯೋಗ ಎಷ್ಟು ಶೇಕಡಾ ಅಂತ ಕೇಳಿದರು, ತಡವರಿಸಿದರು. 4 ಅನ್ನಬೇಕಿತ್ತು. ವಾರಗಟ್ಟಲೆ ಅದೇ ಸುದ್ದಿ. ಆಮೇಲೆ ಗ್ರೀನ್ಸ್ ಪಕ್ಷದ ಆಡಮ್ ಬ್ಯಾಂಟ್‌ಗೆ ಯಾರೋ ಅಂಥದೇ ಪ್ರಶ್ನೆ ಎಸೆದಾಗ, ಗೂಗಲ್ ಮಾಡ್ಕೋ ಮಾರಾಯ ಅನ್ನೋ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸಿದರು. ತಡವರಿಸಿದವರೇ ಪ್ರಧಾನಿಯೂ ಆದರು.

ಹೀಗೆ ನಗ್ತಾ ಇರುವಾಗ ಅಮ್ಮ ಕೇಳಿಬಿಟ್ಟಳು. "ಆ ಹಸಿರು ಕಾರ್ಡು ನನಗೂ ಕೊಡ್ತಾರೇನೇ?"

ಇಲ್ಲಮ್ಮ ಅಂದೆ. ವಿಸಿಟರ್ ವೀಸಾದವರಿಗಿಲ್ಲ. ಹೋದ ತಿಂಗಳು ಅವಳ ಬಿಪಿ ತೋರಿಸೋಕೆ ಹೋದಾಗ ಬಿಲ್ಲು ನೋಡಿ ಅದನ್ನ ರೂಪಾಯಿಗೆ ಲೆಕ್ಕ ಹಾಕಿದ್ದಳು, ಆಮೇಲೆ ಎರಡು ದಿನ ತಲೆ ಸುತ್ತಿದರೂ ಹೇಳಿರಲಿಲ್ಲ. ಜೂನ್‌ನಲ್ಲಿ ವಾಪಸ್. ಅಪ್ಪ ಇಲ್ಲದ ಮನೆಗೆ.

ಅಪ್ಪ-ಅಮ್ಮನ್ನ ಕರೆಸಿಕೊಳ್ಳುವ ಮಾಮೂಲಿ ವೀಸಾಕ್ಕೆ ಈಗ ಅರ್ಜಿ ಹಾಕಿದರೆ 30 ವರ್ಷಕ್ಕೂ ಹೆಚ್ಚು ಸರದಿ. ಅಮ್ಮನಿಗೆ 71. ದುಡ್ಡು ಕಟ್ಟುವ ದಾರಿ ಒಂದಿದೆ, ತಲೆಗೆ 45 ಸಾವಿರ ಡಾಲರಿಗೂ ಮೇಲೆ, ಅದಕ್ಕೂ ಹತ್ತು ವರ್ಷ ಮೀರಿದ ಸಾಲು. ಟಿವಿಯಲ್ಲಿ ವಲಸೆ ಅಂದರೆ ಒಂದು ಸಂಖ್ಯೆ. ವರ್ಷಕ್ಕೆ 1 ಲಕ್ಷ 85 ಸಾವಿರ ಕಾಯಂ ವೀಸಾ ಇರೋದನ್ನ 1 ಲಕ್ಷ 40 ಸಾವಿರಕ್ಕೆ ಇಳಿಸ್ತೀವಿ ಅಂತ ಒಬ್ಬರು, ಅದರ ಪಕ್ಕ ಮನೆ ಬಾಡಿಗೆಯ ಮಾತು, ಮುಂದಿನ ಪ್ರಶ್ನೆ. ಈ ಸಾಲಿನ ವಿಷಯ ನನ್ನ ಕಿವಿಗಂತೂ ಬೀಳಲಿಲ್ಲ. ಅಥವಾ ಬಂದಾಗ ನಾನು ಒಗ್ಗರಣೆ ಹಾಕ್ತಿದ್ದೆನೋ ಏನೋ.

ಬುಧವಾರ ರಾತ್ರಿ 12ರಿಂದ ಟಿವಿ, ರೇಡಿಯೋದಲ್ಲಿ ಪಕ್ಷಗಳ ಜಾಹೀರಾತು ಬಂದ್. ಫೋನಿಗೆ ಮಾತ್ರ ಯಾವ ಬಾಗಿಲೂ ಇಲ್ಲ. ಇದನ್ನ ಬರೀತಾ ಇರುವಾಗಲೇ ಇನ್ನೊಂದು ಮೆಸೇಜು ಬಂತು. ನಂಬರು ಈ ಪಕ್ಷದವರಿಗೆ ಕೊಟ್ಟವರು ಯಾರೋ!

ಮಲಗಿದ ಮೇಲೆ ಆ ನಟಾಲಿ ಬಾರ್ ಕುರ್ಚಿಯಲ್ಲಿ ನಾನೇ ಕೂತ ಹಾಗೆ ಅಂದುಕೊಂಡು ಪ್ರಶ್ನೆ ಜೋಡಿಸಿ ನೋಡಿದೆ. ವೀಸಾ, ಸರದಿ, 71, ಬಿಪಿ, ಖಾಲಿ ಮನೆ. ನಾಲ್ಕು ವಾಕ್ಯ ಆದರೂ ಪ್ರಶ್ನೆಯೇ ಬರಲಿಲ್ಲ. ಮೊಟ್ಟೆಯದಾದರೆ ಒಂದೇ ಸಾಲು, ಉತ್ತರ ಅಂಗಡಿಯಲ್ಲಿ ಅಂಟಿಸಿರುತ್ತೆ. ಮತ್ತೆ ಎದ್ದು ಕೂತೆ. ಈ ಸರದಿ ಅನ್ನೋದನ್ನ ಒಂದೇ ಸಾಲಲ್ಲಿ ಹೇಗೆ

ಅಮ್ಮ ಕೆಮ್ಮುತ್ತಿದ್ದಾಳೆ. ಬಿಸಿನೀರು ಕೊಟ್ಟು ಬರ್ತೀನಿ.