ಮೂರು ತಿಂಗಳ ಮಾತ್ರೆ

ಇಂದು ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ಔಷಧ ಕಿಟಕಿಯಲ್ಲಿ ತಾಯಿಯೊಬ್ಬರು ಮೂರು ತಿಂಗಳ ಮಾತ್ರೆಗಳನ್ನು ಒಟ್ಟಿಗೆ ಪಡೆದು, ಬಸ್ಸಿನಲ್ಲಿ ಸದ್ದಾಗದಿರಲೆಂದು ಪ್ರತಿ ಡಬ್ಬಿಯೊಳಗೂ ಹತ್ತಿ ತುರುಕಿ, ಚೀಲದ ತಳದಲ್ಲಿಟ್ಟುಕೊಂಡರು. ಮೊದಲೆಲ್ಲ ಅನೇಕರು ತಿಂಗಳಿಗೊಮ್ಮೆ ಕೂಲಿ ಬಿಟ್ಟು ಬಂದು ಸಾಲಿನಲ್ಲಿ ನಿಲ್ಲಬೇಕಿತ್ತು. 2020ರ ಲಾಕ್‌ಡೌನಿನಲ್ಲಿ ಬಸ್ಸುಗಳೇ ನಿಂತಾಗ, ಒಂದು ದಿನವೂ ತಪ್ಪಬಾರದ ಈ ಚಿಕಿತ್ಸೆ ಕಡಿಯದಿರಲೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೊ ಹಲವು ತಿಂಗಳ ಔಷಧವನ್ನು ಒಮ್ಮೆಗೇ ಕೊಡಲು ಸೂಚಿಸಿತು. ಎಷ್ಟೋ ಕಡೆ ಸಮುದಾಯದ ಕಾರ್ಯಕರ್ತರು, ಅವರಲ್ಲಿ ಅನೇಕರು ಸ್ವತಃ ಎಚ್‌ಐವಿಯೊಂದಿಗೆ ಬದುಕುತ್ತಿರುವವರು, ಅದನ್ನು ಮನೆಬಾಗಿಲಿಗೆ ತಲುಪಿಸಿದರು. ಆರೋಗ್ಯ ಸ್ಥಿರವಾಗಿರುವವರಿಗೆ ಮೂರರಿಂದ ಆರು ತಿಂಗಳ ಔಷಧ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿತ್ತು ಎಂಬುದು ನೆನಪಾದಾಗ ಸಂಕಟವಾಗುತ್ತದೆ. ಅದೇ ಲಾಕ್‌ಡೌನಿನಲ್ಲಿ ಎಚ್‌ಐವಿ ಪರೀಕ್ಷೆಗಳು ಕುಗ್ಗಿದವು; ಆಗ ಪತ್ತೆಯಾಗದೆ ಉಳಿದವರ ಯೋಚನೆ ನನ್ನನ್ನು ಇನ್ನೂ ಕಾಡುತ್ತದೆ.