ಇಷ್ಟೊಂದು ಕುದುರೆಗಳು ಯಾರಿಗೆ?

ನಮ್ಮ ನಡುಮನೆಯಲ್ಲಿ ಕೂತವರ ಕಣ್ಣು ಗಾಜಿನ ಕಪಾಟಿನಲ್ಲಿ ನಾನು ಕೂಡಿಟ್ಟಿರುವ ಪಿಂಗಾಣಿ, ಪ್ಲಾಸ್ಟಿಕ್ ಮಾದರಿ ಕುದುರೆಗಳ ಮೇಲೆ ಬಿದ್ದ ಕೂಡಲೇ ಈ ಪ್ರಶ್ನೆ ಬರುತ್ತದೆ. ಮಗ ಚಿಕ್ಕವನಿದ್ದಾಗ "ಮಗನಿಗಾ?" ಎಂದು ಕೇಳುತ್ತಿದ್ದರು. ಅವನು ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ "ಮೊಮ್ಮಕ್ಕಳಿಗೆಂದು ಈಗಲೇ ಕೂಡಿಡುತ್ತಿದ್ದೀರಾ?" ಎನ್ನುತ್ತಾರೆ. ಅವನಿಗಿನ್ನೂ ಮದುವೆಯೇ ಆಗಿಲ್ಲ. ತುಮಕೂರಿನಲ್ಲಿ ನನ್ನ ಪರಿಚಯದವರೆಲ್ಲ ಒಮ್ಮೆಯಾದರೂ ಕೇಳಿ ಆಗಿದೆ. ಇನ್ನು ಬಾಯಿಬಿಟ್ಟು ಉತ್ತರ ಹೇಳುವುದಿಲ್ಲ, ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನಗೆ. ಎಲ್ಲವೂ ನನಗೆ.

ಇಷ್ಟು ಹೇಳಿದರೆ ಸಾಲದು ಎಂದು ಅನುಭವದಿಂದ ಗೊತ್ತಿದೆ. "ನಿಮಗಾ?" ಎಂದು ಮತ್ತೆ ಕೇಳುತ್ತಾರೆ. ಕೆಲವರು ವಾಸ್ತುವಿಗೆ ಹೋಗುತ್ತಾರೆ. ಏಳು ಕುದುರೆಗಳು ಓಡುವ ಚಿತ್ರವನ್ನು ಗೋಡೆಗೆ ಹಾಕುವುದು ಈಗ ಎಲ್ಲೆಡೆ ರೂಢಿಯಾಗಿರುವುದರಿಂದ ನನ್ನವನ್ನೂ ಎಣಿಸುತ್ತಾರೆ, ಮುಖ ಯಾವ ದಿಕ್ಕಿಗಿದೆ ಎಂದು ನೋಡುತ್ತಾರೆ. ನಿಂತಿರುವ ಕುದುರೆ ಮನೆಗೆ ಒಳ್ಳೆಯದಲ್ಲ, ಓಡುವುದನ್ನೇ ಇಡಿ ಎಂದು ಒಬ್ಬರು ಬುದ್ಧಿ ಹೇಳಿದರು. ಓಡುವ ಕುದುರೆಗಿಂತ ನಿಂತ ಕುದುರೆಯನ್ನು ಮಾಡುವುದೇ ಕಷ್ಟ ಎಂಬುದು ನನ್ನ ಅಭಿಪ್ರಾಯ. ಓಟದಲ್ಲಿ ಜೂಲು, ಬಾಲಗಳ ಹಾರಾಟದ ಹಿಂದೆ ಎಷ್ಟೋ ತಪ್ಪುಗಳು ಅಡಗುತ್ತವೆ. ಸುಮ್ಮನೆ ನಿಂತ ಕುದುರೆಯಲ್ಲಿ ಭುಜ ಎಲ್ಲಿ ಮುಗಿದು ಬೆನ್ನು ಎಲ್ಲಿ ಶುರುವಾಗುತ್ತದೆ, ಯಾವ ಕಾಲಿನ ಮೇಲೆ ಭಾರವಿದೆ, ಎಲ್ಲವೂ ಬಯಲಾಗಿರುತ್ತದೆ.

ಬೆಲೆ ಕೇಳುವವರಿಗೆ ಒಂದೇ ಮಾತು. ವಿದೇಶದಿಂದ ತರಿಸುವ ಆಟಿಕೆಗಳ ಮೇಲಿನ ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಮುಂದಿನ ಲೆಕ್ಕವನ್ನು ನೀವೇ ಹಾಕಿಕೊಳ್ಳಿ.

"ಕುಣಿಗಲ್‌ನಲ್ಲಿ ನಿಜವಾದ ಕುದುರೆಗಳೇ ಇರುವಾಗ ಈ ಗೊಂಬೆಗಳು ಯಾಕೆ?" ಎನ್ನುವವರ ಮೇಲೆ ನನಗೆ ಕೋಪವಿಲ್ಲ. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಸ್ಟಡ್ ಫಾರಂ ನಮ್ಮ ಜಿಲ್ಲೆಯದು. ಬಾಲ್ಯದಲ್ಲಿ ಆ ಬೇಲಿಯಾಚೆ ಮರಿಗಳ ಜೊತೆ ಮೇಯುತ್ತಿದ್ದ ಕುದುರೆಗಳನ್ನು ಕಂಡೇ ನನಗೆ ಈ ಹುಚ್ಚು ಹಿಡಿದದ್ದು. ಆದರೆ ಅಲ್ಲಿದ್ದದ್ದು ರೇಸಿನ ಥರೋಬ್ರೆಡ್ ತಳಿ. ಗೊರಸಿನ ಮೇಲೆಲ್ಲ ಕೂದಲು ಇಳಿಬಿಟ್ಟ, ಬಂಡಿ ಎಳೆಯುವ ಶೈರ್ ಕುದುರೆಯನ್ನು ನಾನು ತುಮಕೂರಿನಲ್ಲಿ ಕುಳಿತು ಎಲ್ಲಿ ನೋಡಲಿ? ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವ ಮಾರ್ವಾಡಿ ಕುದುರೆ ನಮ್ಮ ದೇಶದ್ದೇ ಆದರೂ ನಾನು ಅದರ ಕಿವಿಯನ್ನು ಹತ್ತಿರದಿಂದ ಕಂಡದ್ದು ಅಂಗೈ ಮೇಲೆ ನಿಲ್ಲುವ ಒಂದು ಮಾದರಿಯಲ್ಲಿ.

ಈಗ ನವರಾತ್ರಿಯ ವಿಷಯಕ್ಕೆ ಬರುತ್ತೇನೆ. ನಮ್ಮ ನೆಂಟರ ನಡುವೆ ಅದು ನಾನಾ ರೂಪ ತಾಳಿ ಓಡಾಡುತ್ತಿರುವುದರಿಂದ ನಡೆದದ್ದನ್ನು ಬರೆದುಬಿಡುವುದೇ ಮೇಲು.

ಹೋದ ವರ್ಷ ಗೊಂಬೆ ಕೂರಿಸಿದ್ದೆವು. ಅರಿಸಿನ ಕುಂಕುಮಕ್ಕೆ ಹೆಂಗಸರು ಬಂದಿದ್ದರು. ನಾನು ಒಳಗೆ ಕಡಲೆಕಾಳಿನ ಉಸಲಿಗೆ ಒಗ್ಗರಣೆ ಹಾಕುತ್ತಿದ್ದೆ. ಹೊರಗೆ ಬಂದು ನೋಡಿದರೆ ನಾದಿನಿಯ ಮೊಮ್ಮಗನ ಕೈಯಲ್ಲಿ ನನ್ನ ಬೆಸ್ವಿಕ್ ಕುದುರೆ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಪಿಂಗಾಣಿ ಅದು. ಬೆಸ್ವಿಕ್ ಕಾರ್ಖಾನೆಯ ಕೆಲಸ 2002ರಲ್ಲಿ ನಿಂತಿದೆ, ಅಂಥದ್ದು ಮತ್ತೆ ಹುಟ್ಟುವುದಿಲ್ಲ. ಲಂಡನ್ನಿನಲ್ಲಿರುವ ಚಿಕ್ಕಪ್ಪನ ಮಗಳು ಹಳೆಯ ಸಾಮಾನಿನ ಸಂತೆಯಲ್ಲಿ ಹುಡುಕಿ, ಸ್ವೆಟರಿನಲ್ಲಿ ಸುತ್ತಿ, ಕೈಚೀಲದಲ್ಲೇ ಇಟ್ಟುಕೊಂಡು ತಂದುಕೊಟ್ಟದ್ದು. ಮಗು ಅದನ್ನು ಒಂದು ಮುಂಗಾಲಿನಲ್ಲಿ ಹಿಡಿದು ತಲೆಕೆಳಗಾಗಿ ಆಡಿಸುತ್ತಿತ್ತು. ನಾನು ಹೋಗಿ ತೆಗೆದುಕೊಂಡೆ. ಮಗು ಅತ್ತಿತು.

"ಅತ್ತಿಗೆ, ನಿಮ್ಮ ಹತ್ತಿರ ಇಷ್ಟೊಂದು ಇವೆಯಲ್ಲ, ಒಂದು ಕೊಟ್ಟರೆ ಏನು ಕಡಿಮೆಯಾಗುತ್ತದೆ?" ಎಂದಳು ನಾದಿನಿ.

"ಅದು ಆಟದ ಸಾಮಾನಲ್ಲಮ್ಮ," ಎಂದೆ.

"ಗೊಂಬೆ ಎಂದ ಮೇಲೆ ಆಟಕ್ಕಲ್ಲದೆ ಇನ್ಯಾತಕ್ಕೆ?"

ಈ ಮಾತನ್ನು ಅವಳು ಹೇಳಿದ್ದು ಗೊಂಬೆಗಳ ಮೆಟ್ಟಿಲಿನ ಎದುರು ನಿಂತು. ಮೇಲಿನ ಮೆಟ್ಟಿಲಲ್ಲಿ ನಮ್ಮತ್ತೆಯವರು ನನಗೆ ಕೊಟ್ಟ ಪಟ್ಟದ ಗೊಂಬೆಗಳಿದ್ದವು. ಅವು ವರ್ಷವಿಡೀ ಹತ್ತಿಬಟ್ಟೆಯಲ್ಲಿ ಸುತ್ತಿಕೊಂಡು ಟ್ರಂಕಿನಲ್ಲಿ ಮಲಗಿರುತ್ತವೆ, ಹಬ್ಬಕ್ಕೆ ಮಾತ್ರ ಹೊರಬಂದು ರೇಷ್ಮೆ ಉಡುತ್ತವೆ. ನಾನು ಕೇಳಿದೆ: "ಹಾಗಾದರೆ ಪಟ್ಟದ ರಾಜನನ್ನು ಇಳಿಸಿ ಕೊಡಲೇ, ಮಗು ಆಡಲಿ?"

ಕೋಣೆಯಲ್ಲಿದ್ದ ಅಷ್ಟೂ ಹೆಂಗಸರು ನನ್ನತ್ತ ತಿರುಗಿದರು. ನಾದಿನಿ ಬಾಯಿಗೆ ಕೈ ಇಟ್ಟುಕೊಂಡಳು. ನನ್ನ ಮಾತಿನ ಅರ್ಥವಾದದ್ದಕ್ಕಲ್ಲ, ಅಂಥ ಮಾತನ್ನು ಹಬ್ಬದ ದಿನ ಆಡಿದ್ದಕ್ಕೆ. ಆಮೇಲೆ ಊರೆಲ್ಲ ಹರಡಿದ್ದು "ಮಗುವಿನ ಕೈಯಿಂದ ಗೊಂಬೆ ಕಿತ್ತುಕೊಂಡಳು" ಎಂಬ ಅರ್ಧ ಭಾಗ ಮಾತ್ರ. ಹೌದು, ತೆಗೆದುಕೊಂಡೆ. ಇನ್ನೊಮ್ಮೆ ಹಾಗಾದರೂ ತೆಗೆದುಕೊಳ್ಳುತ್ತೇನೆ. ಪಿಂಗಾಣಿ ಮುರಿದರೆ ಮೊದಲು ಕುಯ್ಯುವುದು ಮಗುವಿನ ಕೈಯನ್ನೇ ಎಂಬುದನ್ನು ಯಾರೂ ನೆನೆಯಲಿಲ್ಲ.

ಪಟ್ಟದ ಗೊಂಬೆ ಯಾರಿಗೆ ಎಂದು ಈ ಊರಿನಲ್ಲಿ ಯಾರೂ ಕೇಳುವುದಿಲ್ಲ. ದೊಡ್ಡವರು ಗೊಂಬೆಯನ್ನು ಗೌರವದಿಂದ ಇಟ್ಟುಕೊಳ್ಳಬಹುದು ಎಂಬುದು ನಮ್ಮವರಿಗೆ ಹೊಸದಾಗಿ ಕಲಿಸಬೇಕಾದ ಸಂಗತಿಯಲ್ಲ. ಅದಕ್ಕೇ ನನಗೆ ಇಷ್ಟು ಸಿಟ್ಟು.

ನನಗೆ ಬೇಕಾದ ಪ್ರಶ್ನೆಯೇ ಬೇರೆ. "ಇದನ್ನು ಮಾಡಿದವರು ಯಾರು?" ಎಂದು ಯಾರಾದರೂ ಒಬ್ಬರು ಕೇಳಲಿ ಎಂದು ಕಾದಿದ್ದೇನೆ. ಆ ಬೆಸ್ವಿಕ್ ಕುದುರೆಯ ಮೂಲ ರೂಪವನ್ನು ಕಡೆದವನು ಆರ್ಥರ್ ಗ್ರೆಡಿಂಗ್ಟನ್. ಅದರ ಪಕ್ಕದಲ್ಲಿರುವ ದೊಡ್ಡ ಪ್ಲಾಸ್ಟಿಕ್ ಕುದುರೆಗಳು ಅಮೆರಿಕದ ಬ್ರೈಯರ್ ಕಂಪನಿಯವು. ಹಳೆಯವುಗಳಲ್ಲಿ ಹೆಚ್ಚಿನವು ಕ್ರಿಸ್ ಹೆಸ್ ಎಂಬವನ ಕೈಯಿಂದ ಬಂದವು. ಆ ಕಂಪನಿ ಮೊದಲು ಕುದುರೆ ಮಾಡಿದ್ದೇ ಕುದುರೆಗಾಗಿ ಅಲ್ಲ. 1950ರ ಸುಮಾರಿಗೆ ಗಡಿಯಾರದ ಕಂಪನಿಯೊಂದಕ್ಕೆ ಗಡಿಯಾರದ ಪಕ್ಕ ನಿಲ್ಲಿಸಲು ಒಂದು ಕುದುರೆ ಬೇಕಾಗಿತ್ತು. ಕೆಲಸ ಮುಗಿದ ಮೇಲೆ ಅಚ್ಚು ಬ್ರೈಯರ್‌ನವರ ಬಳಿಯೇ ಉಳಿಯಿತು. ಗಡಿಯಾರ ಬೇಡ, ಕುದುರೆಯೊಂದೇ ಕೊಡಿ ಎಂದು ಜನ ಕೇಳತೊಡಗಿದರು. ಅಲ್ಲಿಂದ ಈ ಹವ್ಯಾಸ ಹುಟ್ಟಿತು.

ಬ್ರೈಯರ್ ಕುದುರೆ ಮಾಡುವ ಕೆಲಸವನ್ನು ಗಮನಿಸಿ. ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಎರಡು ಹೋಳುಗಳಾಗಿ ತೆಗೆದು, ಅಂಟಿಸಿ, ಬೆಸುಗೆಯ ಗೆರೆಯನ್ನು ಉಜ್ಜಿ ಅಳಿಸಿ, ಆಮೇಲೆ ಬಣ್ಣ ಸಿಂಪಡಿಸುತ್ತಾರೆ. ದೊಡ್ಡ ಅಳತೆಯವು ನಿಜವಾದ ಕುದುರೆಯ ಒಂಬತ್ತನೇ ಒಂದು ಭಾಗ. 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ ಬಿಳಿ ಪ್ಲಾಸ್ಟಿಕ್ ಸಾಲದೆ ಬೇರೆ ಬಣ್ಣದ್ದನ್ನೇ ಬಳಸಿ, ಅದನ್ನು ಮರೆಮಾಚಲು ಮೊದಲು ಬಿಳಿ ಬಳಿದು ಅದರ ಮೇಲೆ ಕುದುರೆಯ ಬಣ್ಣ ಹಾಕಿದರು. ಸಂಗ್ರಹಕಾರರು ಅವನ್ನು ಇಂಗ್ಲಿಷಿನಲ್ಲಿ ಚಾಕಿ, ಅಂದರೆ ಸೀಮೆಸುಣ್ಣದಂಥವು, ಎನ್ನುತ್ತಾರೆ. ನನ್ನಲ್ಲಿ ಅಂಥದ್ದೊಂದಿದೆ. ಗೊರಸಿನ ಅಂಚಿನಲ್ಲಿ ಬಣ್ಣ ಸವೆದು ಬಿಳಿಯ ಪದರ ಕಾಣುತ್ತದೆ. ಅರಬ್ಬರು ತೈಲ ನಿಲ್ಲಿಸಿದ್ದರ ಗುರುತು ತುಮಕೂರಿನ ಒಂದು ಕಪಾಟಿನಲ್ಲಿದೆ ಎಂದು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈ ಪ್ಲಾಸ್ಟಿಕ್ ಶಾಶ್ವತವೂ ಅಲ್ಲ. ಸೆಕೆಯಲ್ಲಿ ಕಾಲು ಬಾಗುತ್ತದೆ. ಬಿಸಿನೀರಿನಲ್ಲಿ ಅದ್ದಿ, ಮೆಲ್ಲಗೆ ನೇರ ಮಾಡಿ, ತಣ್ಣೀರಿನಲ್ಲಿ ಹಿಡಿಯಬೇಕು. ಎಂಬತ್ತರ ದಶಕದ ಕೊನೆಯ ಕೆಲವು ಕುದುರೆಗಳು ಒಳಗಿನಿಂದಲೇ ಕೆಟ್ಟು ಕುಗ್ಗುತ್ತವೆ, ಮೈಯಿಂದ ಅಂಟು ಒಸರುತ್ತದೆ, ವಿನೆಗರಿನ ವಾಸನೆ ಬರುತ್ತದೆ. ಅದಕ್ಕೆ ಮದ್ದಿಲ್ಲ. ಏಪ್ರಿಲ್ ಬಂದರೆ ನಾನು ಕಪಾಟಿನ ಬಾಗಿಲು ತೆರೆದಿಡುವುದು ಇದಕ್ಕೇ, ನಿಮಗೆ ಎತ್ತಿಕೊಳ್ಳಲು ಅನುಕೂಲವಾಗಲಿ ಎಂದಲ್ಲ.

ಕ್ಯಾಲಿಫೋರ್ನಿಯಾದ ಹೇಗನ್-ರೆನೇಕರ್ ಎಂಬ ಪಿಂಗಾಣಿ ಕಂಪನಿಗೆ ಕುದುರೆಗಳನ್ನು ರೂಪಿಸಿದ ಮೌರೀನ್ ಲವ್ ಎಂಬ ಶಿಲ್ಪಿಯ ಬಗ್ಗೆ ಕೇಳಿದರೆ ನಾನು ಇಡೀ ಸಂಜೆ ಮಾತಾಡಬಲ್ಲೆ. ಆಕೆಯ ಕುದುರೆಗಳಲ್ಲಿ ಕೆಲವನ್ನು ಬ್ರೈಯರ್‌ನವರು ಎಪ್ಪತ್ತರ ದಶಕದಲ್ಲಿ ಪ್ಲಾಸ್ಟಿಕ್‌ನಲ್ಲಿ ತಂದರು. ಅವುಗಳಲ್ಲಿ ಒಂದು ಅರಬ್ಬಿ ಮರಿ ನನ್ನಲ್ಲಿದೆ. ಮರಿಯ ಕಾಲು ಮೈಗೆ ಹೋಲಿಸಿದರೆ ಎಷ್ಟು ಉದ್ದವಿರಬೇಕೋ ಅಷ್ಟೇ ಇದೆ. ದೊಡ್ಡ ಕುದುರೆಯನ್ನೇ ಚಿಕ್ಕದು ಮಾಡಿ ಮರಿ ಎಂದು ಮಾರುವ ಕಳಪೆ ಕೆಲಸವನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ನೋಡುವ ಕಣ್ಣು ನಮ್ಮೂರಿನವರಿಗೆ ಇಲ್ಲವೆಂದರೆ ಒಪ್ಪುವುದಿಲ್ಲ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯ ಮುಂದೆ ನಿಂತ ರೈತರನ್ನು ಗಮನಿಸಿ. ಹಲ್ಲು ಎಣಿಸುತ್ತಾರೆ, ಸುಳಿ ಹುಡುಕುತ್ತಾರೆ, ಕೊಂಬಿನ ಬಾಗು, ಗೊರಸಿನ ಸೀಳು, ಬೆನ್ನಿನ ಗೆರೆ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಮತ್ತೆ ನೋಡುತ್ತಾರೆ. ನನ್ನ ನಾದಿನಿಯ ಗಂಡನೂ ಹಾಗೆ ನೋಡಬಲ್ಲವರು, ಅವರ ಮನೆಯಲ್ಲಿ ಜೋಡಿ ಎತ್ತುಗಳಿದ್ದವು. ಅವರು ನಮ್ಮ ಮನೆಗೆ ಬಂದಾಗ ಕಪಾಟಿನ ಕಡೆ ಕಣ್ಣು ಹಾಯಿಸಿ "ಇನ್ನೂ ಬಿಟ್ಟಿಲ್ಲವಾ ಇದನ್ನು?" ಎಂದು ಟಿವಿ ಹಾಕುತ್ತಾರೆ.

ಈ ನವರಾತ್ರಿಗೂ ಎಲ್ಲರೂ ಬನ್ನಿ. ಕಪಾಟಿಗೆ ಬೀಗ ಮಾಡಿಸಿದ್ದೇನೆ, ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ಮಕ್ಕಳಿಗೆ ಉಸಲಿ ಇದೆ, ಮಿಠಾಯಿ ಇದೆ, ಕುದುರೆ ಇಲ್ಲ. ದೊಡ್ಡವರಲ್ಲಿ ಯಾರಾದರೂ ಆ ಮರಿಯ ಕಾಲಿನ ವಿಷಯ ಎತ್ತಿದರೆ ಬೀಗ ತೆಗೆದು ಕೈಗೇ ಕೊಡುತ್ತೇನೆ. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಹಿಡಿಯಬೇಕು, ಕಾಲು ಹಿಡಿದು ಎತ್ತಬಾರದು.