ನಾನು ಕಂಡುಹಿಡಿದದ್ದು ಭೂಮಿಯ ನೆರಳು

ಧ್ರುವಪ್ರಭೆಯ ಮೇಲೆ, ಅಂದರೆ ಧ್ರುವಗಳ ಹತ್ತಿರ ರಾತ್ರಿ ಆಕಾಶದಲ್ಲಿ ಹೊಳೆಯುವ ಬಣ್ಣದ ಬೆಳಕಿನ ಮೇಲೆ, ಕೆಲಸ ಮಾಡುತ್ತೇನೆ ಅಂದ ಕೂಡಲೇ ಎಲ್ಲರೂ ಫೋಟೋ ಕೇಳುತ್ತಾರೆ. ನನ್ನ ಹತ್ತಿರ ಇರುವುದು ಐದು ಗೆರೆ. ಒಂದರ ಕೆಳಗೊಂದು, ಅಂಕುಡೊಂಕು. ಥೆಮಿಸ್ ಅನ್ನುವ ನಾಸಾ ಯೋಜನೆಯ ಐದು ಉಪಗ್ರಹಗಳು ಅಳೆದ ಕಾಂತಕ್ಷೇತ್ರ, ಒಂದೊಂದಕ್ಕೆ ಒಂದೊಂದು ಗೆರೆ.

ಐದು ಯಾಕೆ? ಉಪಗ್ರಹ ಸುಮ್ನೆ ನಿಂತಿರುವುದಿಲ್ಲ, ಓಡುತ್ತಲೇ ಇರುತ್ತದೆ. ಕಾಂತಕ್ಷೇತ್ರ ಬದಲಾಯಿತು ಅಂತ ಒಂದೇ ಒಂದು ಉಪಗ್ರಹ ಹೇಳಿದರೆ, ಅಲ್ಲಿ ನಿಜಕ್ಕೂ ಏನೋ ನಡೆಯಿತೋ, ಇಲ್ಲಾ ಅದೇ ಬೇರೆ ಜಾಗಕ್ಕೆ ಹೋಯಿತೋ ಗೊತ್ತಾಗಲ್ಲ. ಅದಕ್ಕೇ ನಾಸಾ 2007ರ ಫೆಬ್ರವರಿಯಲ್ಲಿ ಐದನ್ನೂ ಒಟ್ಟಿಗೆ ಹಾರಿಸಿತು. ಸುತ್ತುಗಳನ್ನು ಹೇಗೆ ಹೊಂದಿಸಿದ್ದರು ಅಂದರೆ, ನಾಲ್ಕು ದಿನಕ್ಕೊಮ್ಮೆ ಐದೂ ಸಾಲಾಗಿ ನಿಲ್ಲುತ್ತಿದ್ದವು. (2011ರಿಂದ ಐದರಲ್ಲಿ ಎರಡು ಉಪಗ್ರಹ ಚಂದ್ರನ ಸುತ್ತ ಇವೆ. ನಾನು ಕೆದಕುವುದು ಅದಕ್ಕಿಂತ ಹಳೆಯ ಡೇಟಾ.)

ಭೂಮಿಯ ರಾತ್ರಿ ಕಡೆ ಕಾಂತರೇಖೆಗಳು ಬಾಲದಂತೆ ಹಿಂದಕ್ಕೆ ಎಳೆದುಕೊಂಡಿರುತ್ತವೆ, ಚಾಟಿಬಿಲ್ಲಿನ ರಬ್ಬರಿನ ಹಾಗೆ. ಅದು ಬಿಟ್ಟಾಗ ಧ್ರುವಪ್ರಭೆ ಭಗ್ಗನೆ ಹೊತ್ತುತ್ತದೆ. ಮೊದಲು ಬಿಡುವುದು ಭೂಮಿಗೆ ಹತ್ತಿರದಲ್ಲೋ ದೂರದಲ್ಲೋ ಅನ್ನುವುದು ಹಳೆಯ ಜಗಳ. 2008ರ ಫೆಬ್ರವರಿ 26ರಂದು ಗೆರೆಗಳು ದೂರದ ಪರವಾಗಿ ಸಾಕ್ಷಿ ಹೇಳಿದವು. ಭೂಮಿಯ ತ್ರಿಜ್ಯದ ಸುಮಾರು 20 ಪಟ್ಟು ದೂರದಲ್ಲಿ ರೇಖೆಗಳು ಕಡಿದು ಮರುಜೋಡಣೆಯಾದವು. ಒಂದೂವರೆ ನಿಮಿಷದ ನಂತರ ಧ್ರುವಪ್ರಭೆ ಉಜ್ವಲವಾಯಿತು. ಹತ್ತಿರದ ಗಲಾಟೆ ಶುರುವಾಗಿದ್ದು ಅದಕ್ಕೂ ಆಮೇಲೆ. ಜಗಳ ನಿಂತಿತಾ? ಇಲ್ಲ ಬಿಡಿ.

ಇನ್ನು ನನ್ನ ಮೊದಲ ತಿಂಗಳ ಕಥೆ. ಒಂದು ಗೆರೆ ಇದ್ದಕ್ಕಿದ್ದ ಹಾಗೆ ಅಲೆ ಅಲೆಯಾಗಿ ಏಳತೊಡಗಿತ್ತು. ಎಷ್ಟು ಅಂದವಾಗಿತ್ತು ಅಂದರೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಪ್ರಿಂಟ್ ಹಿಡಿದು ಗೈಡ್ ಎದುರು ನಿಂತೆ. ಅವರು ಕೇಳಿದ್ದು ಒಂದೇ: "ಉಳಿದ ನಾಲ್ಕು ಏನು ಹೇಳ್ತಿವೆ?"

ಏನೂ ಇಲ್ಲ. ನಾಲ್ಕೂ ತೆಪ್ಪಗಿದ್ದವು.

ಆ ಉಪಗ್ರಹ ಭೂಮಿಯ ನೆರಳಿಗೆ ಹೊಕ್ಕಿತ್ತು, ಅಷ್ಟೇ. ಥೆಮಿಸ್‌ನ ಪ್ರತಿ ಉಪಗ್ರಹವೂ ಬುಗುರಿಯಂತೆ ಸುಮಾರು ಮೂರು ಸೆಕೆಂಡಿಗೊಂದು ಸುತ್ತು ತಿರುಗುತ್ತದೆ. ತನ್ನ ಮುಖ ಯಾವ ಕಡೆಗಿದೆ ಅಂತ ಅದಕ್ಕೆ ತಿಳಿಯುವುದು ಸೂರ್ಯನನ್ನು ನೋಡಿ. ನೆರಳಲ್ಲಿ ಸೂರ್ಯ ಎಲ್ಲಿ? ಸಾಲದ್ದಕ್ಕೆ, ಚಳಿಗೆ ಅದು ಹೊರಕ್ಕೆ ಚಾಚಿರುವ ಉದ್ದನೆಯ ತಂತಿಗಳು ಒಂಚೂರು ಕುಗ್ಗುತ್ತವೆ. ಕೈ ಚಾಚಿ ಗಿರಕಿ ಹೊಡೆಯುತ್ತಿದ್ದವರು ಕೈ ಮಡಚಿದರೆ ಜೋರಾಗಿ ತಿರುಗುತ್ತಾರೆ ಅಲ್ವಾ, ಹಾಗೆ ಇದರ ವೇಗವೂ ಏರುತ್ತದೆ. ದಿಕ್ಕಿನ ಲೆಕ್ಕ ಜಾರುತ್ತಾ ಹೋಗುತ್ತದೆ. ನನ್ನ ನಿದ್ದೆ ಕೆಡಿಸಿದ ಅಲೆ ಆ ಜಾರಿದ ಲೆಕ್ಕದ್ದು.

ಈಗ ಡೇಟಾ ತೆರೆಯುವ ಮೊದಲು ನೆರಳಿನ ವೇಳಾಪಟ್ಟಿ ನೋಡುತ್ತೇನೆ. ಆ ಪ್ರಿಂಟ್ ಮೇಜಿನ ಎದುರಿನ ಗೋಡೆ ಮೇಲಿದೆ. ಫೋಟೋ ಕೇಳಿದವರಿಗೆ ಅದನ್ನೇ ತೋರಿಸುತ್ತೇನೆ.